ಕಾವೇರಿಯ ತವರು ಕಣಿವೆ: ಅದರ ಚೆಲುವು, ಅದರ ಪರಂಪರೆ

ಒಂದು ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಡಿಗಲ್ಲನ್ನಿಟ್ಟ ದಿನದಿಂದ ಆರಂಭಿಸುವುದು ವಾಡಿಕೆ. ಗುರುಗಳ ಸೇವೆ, ಕಟ್ಟಡದ ವಿಸ್ತರಣೆ, ಶಾಲೆಯ ಏಳಿಗೆ, ವಾರ್ಷಿಕ ಹಬ್ಬದ ಸಡಗರ ಇವೆಲ್ಲವೂ ಈ ಸ್ಮರಣ ಸಂಚಿಕೆಯ ಇತರ ಪುಟಗಳಲ್ಲಿ ಯೋಗ್ಯರಾದ ಲೇಖಕರಿಂದ ನಿರೂಪಿತವಾಗಿವೆ. ನಾವು ಇಲ್ಲಿ ಪ್ರಸ್ತಾಪಿಸಬಯಸುವುದು ಆ ಅಡಿಗಲ್ಲಿಗಿಂತಲೂ ಹಿಂದಿನ ಮಾತನ್ನು. ನಮ್ಮ ದೇವಾಲಯ ನಿಂತಿರುವ ನೆಲ, ಅದನ್ನು ಸುತ್ತುವರಿದಿರುವ ಬೆಟ್ಟಗಳು, ತಗ್ಗಿನಲ್ಲಿ ಹರಿಯುವ ಹೊಳೆ, ಈ ಕಣಿವೆಯನ್ನು ನಮಗಿಂತ ಮೊದಲು ಉತ್ತು ಬಿತ್ತಿ ಬಾಳಿದ ಜನ ಇವರ ಕಥೆಯೇ ನಮ್ಮ ವಿಷಯ.

ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಹೆಚ್ಚಿನವು ಬೇರೆ ಬೇರೆ ಕಡೆಗಳಿಂದ ಇಲ್ಲಿಗೆ ಬಂದು ನೆಲೆಸಿದವು. ಕೆಲವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದರು. ಕೆಲವರು ಮೈಸೂರು ಸೀಮೆಯಿಂದ. ಮತ್ತೆ ಕೆಲವರು ತಮಿಳುನಾಡು, ಕೇರಳಗಳಿಂದ ತೋಟದ ಕೆಲಸವನ್ನರಸಿ ಬಂದರು. ಇಂದಿಗೂ ನಮ್ಮಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಗಳನ್ನಾಡುವ ಮನೆಗಳು ಒಂದೇ ಪೀಠದ ಮುಂದೆ ಮೊಣಕಾಲೂರುತ್ತವೆ. ಹೀಗೆ ಬಂದವರಿಗೆ ಈ ಕಣಿವೆ ಅನ್ನವಿತ್ತಿತು, ನೆರಳಿತ್ತಿತು. ಯಾರ ಮನೆಯಲ್ಲಿ ನಾವು ಅತಿಥಿಗಳಾಗಿ ಬಂದು ಮಕ್ಕಳಾದೆವೋ ಆ ಮನೆಯ ವೃತ್ತಾಂತವನ್ನು ತಿಳಿಯುವುದು ನಮ್ಮ ಕರ್ತವ್ಯವಲ್ಲವೇ?

ಕಣಿವೆಯ ನೆಲೆ

ಪಶ್ಚಿಮ ಘಟ್ಟಗಳ ಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1276 ಮೀಟರ್ ಎತ್ತರದಲ್ಲಿ, ಬ್ರಹ್ಮಗಿರಿಯ ಮಡಿಲಲ್ಲಿದೆ ತಲಕಾವೇರಿ. ಅಲ್ಲಿನ ಪುಟ್ಟ ಕುಂಡಿಕೆಯನ್ನು ಕಂಡವರಿಗೆ ಇದೇ ನೀರು ಸುಮಾರು 800 ಕಿಲೋಮೀಟರ್ ಹರಿದು, ಕನ್ನಡ ನಾಡಿನ ಮತ್ತು ತಮಿಳುನಾಡಿನ ಬಯಲುಗಳನ್ನು ತಣಿಸಿ ಬಂಗಾಳ ಕೊಲ್ಲಿಯನ್ನು ಸೇರುವುದೆಂದರೆ ನಂಬಲು ಕಷ್ಟವಾದೀತು. ಬ್ರಹ್ಮಗಿರಿಯ ನೆತ್ತಿಯ ಮೇಲೆ ನಿಂತರೆ ಇನ್ನೊಂದು ವಿಸ್ಮಯವೂ ಕಾಣುವುದು. ಒಂದೇ ಮೋಡದಿಂದ ಸುರಿದ ಮಳೆಯಲ್ಲಿ ಪಡುವಣ ಇಳಿಜಾರಿಗೆ ಬಿದ್ದದ್ದು ಕೆಲವೇ ದಿನಗಳಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣ ಇಳಿಜಾರಿಗೆ ಬಿದ್ದದ್ದು ಕಾವೇರಿಯಾಗಿ ದ್ವೀಪಕಲ್ಪವನ್ನೇ ಅಡ್ಡಹಾಯುತ್ತದೆ.

ತಲಕಾವೇರಿಯಿಂದ 8 ಕಿಲೋಮೀಟರ್ ಕೆಳಗೆ ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಬಂದು ಕೂಡುತ್ತದೆ. ಗುಪ್ತಗಾಮಿನಿಯಾದ ಸುಜ್ಯೋತಿಯೂ ಅಲ್ಲಿ ಸೇರುವುದೆಂದು ಭಕ್ತರ ನಂಬಿಕೆ. ಅಲ್ಲಿಂದ ನದಿ ನಾಪೋಕ್ಲು, ಬಲಮುರಿಗಳ ಬಳಿ ಅಗಲವಾದ ಗದ್ದೆ ಬಯಲುಗಳ ನಡುವೆ ಬಳುಕುತ್ತ ಮೂಡಣಕ್ಕೆ ಸಾಗಿ, ಸಿದ್ದಾಪುರವನ್ನು ದಾಟಿದ ಮೇಲೆ ಬಡಗಣಕ್ಕೆ ತಿರುಗಿ ಕುಶಾಲನಗರವನ್ನು ಮುಟ್ಟುತ್ತದೆ. ಕೂಡಿಗೆಯಲ್ಲಿ ಹಾರಂಗಿ ಅದನ್ನು ಸೇರುತ್ತದೆ. ತೆಂಕಣ ದಿಕ್ಕಿನಲ್ಲಿ ಕಕ್ಕಬ್ಬೆಯ ಹಿಂದೆ ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1748 ಮೀಟರ್ ಎತ್ತರಕ್ಕೆ ತಲೆಯೆತ್ತಿ ನಿಂತಿದೆ. ಅದರ ನೆತ್ತಿಯಲ್ಲಿ ಬೋಳು ಹುಲ್ಲುಗಾವಲು. ಹುಲ್ಲುಗಾವಲಿನ ಮಡಿಕೆಗಳಲ್ಲಿ ಸಂದು ಸಂದಿಗೂ ಕುಳ್ಳಾದ ಶೋಲಾ ಕಾಡು. ಆ ಹುಲ್ಲೂ ಕಾಡೂ ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯ ತನಕ ಹನಿಹನಿಯಾಗಿ ಬಿಟ್ಟುಕೊಡುತ್ತವೆ.

ಈ ಕಣಿವೆಯ ಚೆಲುವೆಲ್ಲ ಮಳೆಯ ಕೊಡುಗೆ. ಭಾಗಮಂಡಲದ ಸುತ್ತ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ, ಕುಶಾಲನಗರವನ್ನು ತಲಪುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ! ಜೂನ್ ತಿಂಗಳು ಬಂತೆಂದರೆ ಬೆಟ್ಟಗಳು ಮಂಜಿನೊಳಗೆ ಮರೆಯಾಗುತ್ತವೆ. ಕೊಲ್ಲಿ ಕೊಲ್ಲಿಯಲ್ಲೂ ನೀರಿನ ಮೊರೆತ. ದಾರಿಯಲ್ಲಿ ಇಂಬಳಗಳ ಕಾಟ. ನಮ್ಮ ಬಾಲ್ಯದಲ್ಲಿ ಮಳೆಗಾಲದ ಭಾನುವಾರಗಳಂದು ಗೊರಬು ಹೊದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಗದ್ದೆಯ ಏರಿಯ ಮೇಲೆ ಒಬ್ಬರ ಹಿಂದೊಬ್ಬರಂತೆ ನಡೆದು ಪೂಜೆಗೆ ಬರುತ್ತಿದ್ದುದು, ದೇವಾಲಯದ ಬಾವಿಕಟ್ಟೆಯಲ್ಲಿ ಕೆಸರುಗಾಲನ್ನು ತೊಳೆದು ಒಳಗೆ ಹೋಗುತ್ತಿದ್ದುದು ನಮ್ಮಲ್ಲಿ ಹಿರಿಯರಾದವರಿಗೆ ಇಂದಿಗೂ ನೆನಪಿದೆ.

ಗದ್ದೆ ಮತ್ತು ಬಾಣೆ

ಹೊರಗಿನಿಂದ ಬರುವ ಪ್ರವಾಸಿಗರು ಈ ಕಣಿವೆಯನ್ನು ಪ್ರಕೃತಿ ತಾನೇ ತಾನಾಗಿ ರಚಿಸಿದ ಉದ್ಯಾನವೆಂದು ಭಾವಿಸುತ್ತಾರೆ. ಇದು ಅರ್ಧಸತ್ಯ ಮಾತ್ರ. ಬೆಟ್ಟವನ್ನೂ ಮಳೆಯನ್ನೂ ದೇವರು ಕೊಟ್ಟನು. ಆದರೆ ಆ ಮಳೆಯನ್ನು ನೆಲಕ್ಕೆ ಒಗ್ಗಿಸಿ ಅನ್ನವಾಗಿ ಮಾಡಿದ ಏರ್ಪಾಡು ಮನುಷ್ಯರದು, ತಲೆತಲಾಂತರದ ದುಡಿಮೆಯದು. ಆ ಏರ್ಪಾಡನ್ನು ಎರಡು ಮಾತುಗಳಲ್ಲಿ ಹೇಳಬಹುದು: ಗದ್ದೆ ಮತ್ತು ಬಾಣೆ.

ಎರಡು ಗುಡ್ಡಗಳ ನಡುವಿನ ತಗ್ಗು ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಸಮಮಾಡಿ, ಏರಿಯಿಕ್ಕಿ, ಕೊಲ್ಲಿಯ ನೀರನ್ನು ತೋಡಿನ ಮೂಲಕ ತಿರುಗಿಸಿ ಮಾಡಿದುದು ಗದ್ದೆ. ಅದಕ್ಕೆ ತಾಗಿಕೊಂಡಂತೆ ಮೇಲಣ ಇಳಿಜಾರಿನಲ್ಲಿರುವ ಮರಗಾಡು ಬಾಣೆ. ಕೊಡಗಿನ ಹಳೆಯ ಭೂ ಹಿಡುವಳಿಯಲ್ಲಿ ಗದ್ದೆಗೆ ಮಾತ್ರ ಕಂದಾಯ. ಅದರ ಜೊತೆಗಿನ ಬಾಣೆಗೆ ಕಂದಾಯವಿರಲಿಲ್ಲ. ಏಕೆಂದರೆ ಬಾಣೆ ಪ್ರತ್ಯೇಕ ಆಸ್ತಿಯಲ್ಲ, ಗದ್ದೆಯ ಬೆನ್ನೆಲುಬು. ಗದ್ದೆಗೆ ಬೇಕಾದ ಸೊಪ್ಪು ಗೊಬ್ಬರ, ಒಲೆಗೆ ಸೌದೆ, ನೇಗಿಲಿಗೂ ಮನೆಗೂ ಮರ, ದನಕ್ಕೆ ಮೇವು ಎಲ್ಲವೂ ಅಲ್ಲಿಂದಲೇ ಬರಬೇಕು. ಇವುಗಳನ್ನು ಅಗಲಿಸಿ ಮಾರುವಂತಿರಲಿಲ್ಲ. ಜಮ್ಮ ಎಂಬ ಹಕ್ಕಿನಿಂದ ಇಂತಹ ಭೂಮಿಯನ್ನು ಅನುಭವಿಸುತ್ತಿದ್ದ ಮನೆತನಗಳು ಅರಸರಿಗೆ ದಂಡಿನ ಸೇವೆಯನ್ನು ಸಲ್ಲಿಸಬೇಕಾಗಿತ್ತು. ಅದಕ್ಕೆ ಪ್ರತಿಯಾಗಿ ಅವರ ಕಂದಾಯ ಸಾಮಾನ್ಯ ಸಾಗು ಭೂಮಿಯ ಅರ್ಧದಷ್ಟು ಮಾತ್ರವಿತ್ತು.

ಈ ಏರ್ಪಾಡಿನ ಮರ್ಮವನ್ನು ತುಸು ಯೋಚಿಸಿ ನೋಡೋಣ. ಬೆಟ್ಟದ ನೆತ್ತಿಯ ಕಾಡು ಮೊದಲ ಪೆಟ್ಟನ್ನು ತಡೆಯುತ್ತದೆ. ಬಾಣೆಯ ಮರಗಳ ಬೇರು ಇಳಿಜಾರಿನ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಅದರ ತರಗೆಲೆಯ ಹಾಸು ಹರಿಯುವ ನೀರನ್ನು ನಡೆಯುವಂತೆ ಮಾಡುತ್ತದೆ. ಕೊನೆಗೆ ಗದ್ದೆಯು ಒಂದು ದೊಡ್ಡ ತಟ್ಟೆಯಂತೆ ಆ ನೀರನ್ನು ನಾಲ್ಕೈದು ತಿಂಗಳು ನಿಲ್ಲಿಸಿಕೊಂಡು ನೆಲದೊಳಕ್ಕೆ ಇಳಿಸುತ್ತದೆ. ಮಾರ್ಚ್ ತಿಂಗಳಲ್ಲಿ ನಮ್ಮ ಬಾವಿಗಳಲ್ಲಿ ನೀರು ನಿಂತಿದ್ದರೆ ಅದು ಜುಲೈ ತಿಂಗಳಲ್ಲಿ ಯಾರದೋ ಗದ್ದೆಯಲ್ಲಿ ನಿಂತ ನೀರು. ಕಾಡು, ಬಾಣೆ, ಗದ್ದೆ ಇವು ಮೂರಲ್ಲ, ಒಂದೇ. ಒಂದನ್ನು ಕೆಡಿಸಿದರೆ ಉಳಿದೆರಡು ನಿಲ್ಲಲಾರವು. ಈ ಕಣಿವೆಯ ಇತಿಹಾಸ ನಮಗೆ ಕಲಿಸುವ ಮುಖ್ಯ ಪಾಠ ಇದೇ ಎಂದು ನಾವು ತಿಳಿದಿದ್ದೇವೆ.

ಕೃಷಿಯ ವರ್ಷ, ಹಬ್ಬಗಳ ವರ್ಷ

ಇಲ್ಲಿನ ಹಬ್ಬಗಳೆಲ್ಲ ಗದ್ದೆಯ ಕೆಲಸದೊಂದಿಗೆ ಹೆಣೆದುಕೊಂಡಿವೆ. ಮುಂಗಾರಿನ ಮೊದಲಲ್ಲಿ ಉಳುಮೆ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ನಾಟಿ. ಮಳೆಯಲ್ಲಿ ನೆನೆಯುತ್ತ ಬೆನ್ನು ಬಾಗಿಸಿ ನಡೆಯುವ ಆ ನಾಟಿಯ ನಡುವೆಯೇ ಕಕ್ಕಡ ಮಾಸದ 18ನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ಪಾಯಸವನ್ನುಣ್ಣುವ ಪದ್ಧತಿಯಿದೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧಗುಣಗಳು ಕೂಡಿರುತ್ತವೆಂದು ನಂಬಿಕೆ. ನೇರಳೆ ಬಣ್ಣದ ಆ ಪಾಯಸವನ್ನು ಇಂದು ಜಾತಿಮತಗಳ ಭೇದವಿಲ್ಲದೆ ಹಲವು ಮನೆಗಳಲ್ಲಿ ಮಾಡುತ್ತಾರೆ. ನಾಟಿ ಮುಗಿದಾಗ ಅತಿ ದೊಡ್ಡ ಗದ್ದೆಯ ಕೆಸರಿನಲ್ಲಿ ಓಟದ ಪಂದ್ಯ ನಡೆಯುತ್ತಿತ್ತು. ಸೆಪ್ಟೆಂಬರ್ ಆರಂಭದಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ. ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣ. ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವನ್ನು ಕಾಣಲು ಸಾವಿರಾರು ಜನ ಅಂದು ಬೆಟ್ಟವೇರುತ್ತಾರೆ. ಆ ದಿನಗಳಲ್ಲಿ ಗದ್ದೆಗಳಲ್ಲಿ ಬಳ್ಳಿಯ ಬಳೆಯನ್ನು ತೊಡಿಸಿದ ಕೋಲುಗಳನ್ನು ನೆಡುವುದುಂಟು.

ವರ್ಷದ ಕಿರೀಟವೆಂದರೆ ಹುತ್ತರಿ. ಹೊಸ ಅಕ್ಕಿ ಎಂಬುದೇ ಅದರ ಅರ್ಥ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುವ ಈ ಹಬ್ಬದ ಘಳಿಗೆಯನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿರ್ಣಯಿಸುತ್ತಾರೆ. ಮಳೆಬೆಳೆಗಳ ಒಡೆಯನೆಂದು ಕೊಡವರು ನಂಬುವ ದೈವ ಇಗ್ಗುತ್ತಪ್ಪ. ಬೆಳುದಿಂಗಳ ಇರುಳಿನಲ್ಲಿ ಮನೆಮಂದಿಯೆಲ್ಲ ದೀಪವನ್ನು ಹಿಡಿದು ಗದ್ದೆಗಿಳಿದು, ಕೋವಿಯ ಗುಂಡು ಹಾರಿಸಿ, ಮೊದಲ ಕದಿರನ್ನು ಕೊಯ್ದು, ಸಮೃದ್ಧಿಯನ್ನು ಹಾರೈಸಿ ಕೂಗುತ್ತ ಮನೆಗೆ ತರುತ್ತಾರೆ. ಮಡಿಕೇರಿಯಲ್ಲಿ ಶಿಕ್ಷಕರಾಗಿದ್ದ ಪಂಜೆ ಮಂಗೇಶರಾಯರು ತಮ್ಮ ಹುತ್ತರಿ ಹಾಡಿನಿಂದ ಈ ಸಂಭ್ರಮವನ್ನು ಕನ್ನಡಿಗರೆಲ್ಲರ ಮನೆಮಾತಾಗಿಸಿದರು.

ನಮ್ಮ ಓದುಗರಿಗೆ ಇಲ್ಲಿ ಒಂದು ಸಾಮ್ಯ ಹೊಳೆಯದಿರದು. ಕರಾವಳಿಯಿಂದ ಬಂದ ನಮ್ಮ ಕುಟುಂಬಗಳು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ತೆನೆಹಬ್ಬವನ್ನು ಆಚರಿಸುತ್ತವೆ. ಅಂದು ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯವರೆಲ್ಲ ಒಟ್ಟಾಗಿ ಉಣ್ಣುವುದು ರೂಢಿ. ಕರಾವಳಿಯ ಮೊದಲ ಬೆಳೆ ಆ ಹೊತ್ತಿಗೆ ತೆನೆಗಟ್ಟಿರುತ್ತದೆ. ಆದರೆ ಘಟ್ಟದ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಪೈರು ಇನ್ನೂ ಹಸಿರು. ಇಲ್ಲಿನ ತೆನೆಗೆ ಹುತ್ತರಿಯ ತನಕ ಕಾಯಬೇಕು. ಹಬ್ಬ ಬೇರೆ, ತಿಂಗಳು ಬೇರೆ, ನಂಬಿಕೆ ಬೇರೆ. ಆದರೆ ಹೊಸ ಬೆಳೆಯನ್ನು ದೇವರಿಗೆ ಒಪ್ಪಿಸದೆ ಉಣ್ಣಬಾರದೆಂಬ ಭಾವ ಒಂದೇ. ನಮ್ಮ ಹಿರಿಯರಿಗೂ ಅವರ ನೆರೆಹೊರೆಯವರಿಗೂ ನಡುವೆ ಸ್ನೇಹ ಬೆಳೆಯಲು ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿರಲಿಲ್ಲ.

ಐನ್‌ಮನೆ ಮತ್ತು ದೇವರಕಾಡು

ಗದ್ದೆಯ ತಲೆಗೆ, ಬಾಣೆಯ ಕಾಲಿಗೆ, ಎರಡರ ಸಂಧಿಯಲ್ಲಿ ಐನ್‌ಮನೆಗಳು ನಿಂತಿವೆ. ಒಂದೇ ಮೂಲಪುರುಷನ ಸಂತತಿಯಾದ ಒಕ್ಕದವರೆಲ್ಲರಿಗೂ ಸೇರಿದ ಮೂಲಮನೆ ಅದು. ಎರಡು ಬದಿಯ ಮಣ್ಣಿನ ಗೋಡೆಗಳ ನಡುವಿನ ಓಣಿಯಲ್ಲಿ ನಡೆದು ಬಂದರೆ ಅಂಗಳ, ಅಲ್ಲಿಂದ ಮೆಟ್ಟಿಲೇರಿದರೆ ಕಂಬಗಳ ಜಗಲಿ, ಅದರ ಅಂಚಿನುದ್ದಕ್ಕೆ ಕೂರಲು ಅಗಲವಾದ ಹಲಗೆ, ಒಳಗೆ ಹಿರಿಯರ ಹೆಸರಿನ ದೀಪ ಬೆಳಗುವ ನಡುಮನೆ. ಹೊರಗಡೆ ಮೂಲಪುರುಷನ ನೆನಪಿನ ಕೈಮಡ. ಸತ್ತ ಹಿರಿಯರನ್ನು ಬದುಕಿರುವವರ ನಡುವೆಯೇ ಇರಿಸಿಕೊಂಡು ಗೌರವಿಸುವ ಈ ಪದ್ಧತಿ, ನವೆಂಬರ್ ತಿಂಗಳಲ್ಲಿ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವ ನಮಗೆ ಅಪರಿಚಿತವೆನಿಸದು. ಈ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಹಾಡುಗಳನ್ನೂ ಆಚಾರಗಳನ್ನೂ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ಬರೆದಿಡದಿದ್ದರೆ ಅದರಲ್ಲಿ ಬಹುಪಾಲು ಇಂದು ನಮಗೆ ಸಿಕ್ಕುತ್ತಿರಲಿಲ್ಲ.

ಊರೂರಿಗೂ ಇರುವ ದೇವರಕಾಡುಗಳು ಈ ನಾಡಿನ ಮತ್ತೊಂದು ಹಿರಿಮೆ. ದೈವಕ್ಕೆ ಬಿಟ್ಟ ಆ ಕಾಡಿನಲ್ಲಿ ಕೊಡಲಿಯನ್ನು ಬೀಸಬಾರದು, ಕಡ್ಡಿಯನ್ನೂ ಮುರಿಯಬಾರದು. ಕೊಡಗಿನಲ್ಲಿ ಇಂತಹ ದೇವರಕಾಡುಗಳು 1200ಕ್ಕೂ ಹೆಚ್ಚು. ಆದರೆ ಅವುಗಳ ವಿಸ್ತಾರ 1873ರಲ್ಲಿ 15,500 ಎಕರೆಗಳಷ್ಟಿದ್ದುದು 1985ರ ವೇಳೆಗೆ 6300 ಎಕರೆಗಳಷ್ಟಕ್ಕೆ ಇಳಿಯಿತು. ಭಯಭಕ್ತಿಯಿಂದ ಶತಮಾನಗಳ ಕಾಲ ಉಳಿದು ಬಂದುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೇವಲ ನಾಲ್ಕು ತಲೆಮಾರುಗಳಲ್ಲಿ ಒತ್ತುವರಿಗೆ ಆಹುತಿಯಾಯಿತು. 2012ರಲ್ಲಿ ಪಶ್ಚಿಮ ಘಟ್ಟಗಳ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ನೆರೆಯ ತಲಕಾವೇರಿ ವನ್ಯಧಾಮವೂ ಪಡಿನಾಲ್ಕುನಾಡು ಮೀಸಲು ಅರಣ್ಯವೂ ಅದರಲ್ಲಿ ಸ್ಥಾನ ಪಡೆದವು. ಪ್ರಪಂಚವೇ ಮಾನ್ಯ ಮಾಡಿದ ಈ ಹಸಿರಿನ ಅಂಚಿನಲ್ಲಿ ನಾವು ಬಾಳುತ್ತಿದ್ದೇವೆ.

ಈ ಪರಂಪರೆಯನ್ನು ಹೊಗಳುವಾಗ ಅದರ ಭಾರವನ್ನು ಹೊತ್ತವರನ್ನು ಮರೆಯುವುದು ನ್ಯಾಯವಲ್ಲ. ಈ ಗದ್ದೆಗಳ ಕೆಸರನ್ನು ತುಳಿದವರಲ್ಲಿ ಯರವರು ಮತ್ತು ಇತರ ದುಡಿಯುವ ಜನ ಬಹುಕಾಲ ಭೂಮಿಯೊಂದಿಗೆ ಕಟ್ಟುಬಿದ್ದ ಜೀತದ ಆಳುಗಳಾಗಿದ್ದರು. ಗುಲಾಮಗಿರಿಗೆ ಕಾನೂನಿನ ಮನ್ನಣೆ 1843ರಲ್ಲಿ ತಪ್ಪಿತು. ಜೀತಪದ್ಧತಿಯ ನಿರ್ಮೂಲನ ಕಾಯಿದೆ ಬಂದುದು 1976ರಲ್ಲಿ. ಮಲೆಯ ಮೇಲ್ಭಾಗದ ಕುಡಿಯರು, ಜೇನುಗಂಡ ಕುರುಬರು, ನೇಗಿಲು ಕತ್ತಿಗಳನ್ನು ಮಾಡಿಕೊಟ್ಟ ಐರಿಗಳು, ಭಾಗಮಂಡಲದ ಕಡೆಯ ಅರೆಭಾಷೆ ಗೌಡರು ಇವರೆಲ್ಲರ ಬೆವರೂ ಈ ನೆಲದಲ್ಲಿ ಇಂಗಿದೆ. ಯಾವ ಐನ್‌ಮನೆಯೂ ಇಲ್ಲದವರ ಪರಂಪರೆ ಕಲ್ಲಿನಲ್ಲಿಲ್ಲ. ಅದು ಏರಿಗಳಲ್ಲಿದೆ, ತೋಡುಗಳಲ್ಲಿದೆ.

ಅರಸರ ಕಾಲ ಮತ್ತು ಆಶ್ರಯದ ಕಥೆ

ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರ ರಾಜಧಾನಿ 1681ರಲ್ಲಿ ಮಡಿಕೇರಿಗೆ ಬಂದಿತು. ಆ ವಂಶದ ದೊಡ್ಡ ವೀರರಾಜೇಂದ್ರನು ಟಿಪ್ಪು ಸುಲ್ತಾನನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು. 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು ತನ್ನ ನಾಡನ್ನು ಮರಳಿ ಗಳಿಸಿದನು. ತಡಿಯಂಡಮೋಳಿನ ಬುಡದಲ್ಲಿ, ಕಾಡಿನ ನಡುವೆ, ಅವನು 1792ರಲ್ಲಿ ಕಟ್ಟಿಸತೊಡಗಿದ ನಾಲ್ಕುನಾಡು ಅರಮನೆ ಇಂದಿಗೂ ಉಳಿದಿದೆ. ಹೆಸರಿಗೆ ಅರಮನೆಯಾದರೂ ನೋಟಕ್ಕೆ ಅದೊಂದು ದೊಡ್ಡ ಎರಡಂತಸ್ತಿನ ಮನೆಯಂತಿದೆ. ಮರದ ಕೆತ್ತನೆ, ಗೋಡೆಯ ಚಿತ್ರಗಳು, ಮುಂದೆ ಮದುವೆಯ ಮಂಟಪ. 1796ರಲ್ಲಿ ಮಹಾದೇವಮ್ಮನೊಂದಿಗೆ ಅರಸನ ವಿವಾಹ ಇಲ್ಲೇ ನೆರವೇರಿತು.

ಇದೇ ಅರಸನ ಕಾಲದೊಂದಿಗೆ ಕೊಡಗಿನ ಕಥೋಲಿಕರ ಇತಿಹಾಸವೂ ಬೆಸೆದುಕೊಂಡಿದೆ. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಸಂಗತಿ ನಮ್ಮವರೆಲ್ಲರಿಗೂ ತಿಳಿದುದೇ. ಕೊಡಗಿನ ಜನರೂ ಅದೇ ದಶಕದಲ್ಲಿ ಅದೇ ಸೆರೆಯ ಕಷ್ಟವನ್ನು ಉಂಡರು. ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರನು ತಾನು ಹೊಸದಾಗಿ ಸ್ಥಾಪಿಸಿದ ವೀರರಾಜಪೇಟೆಯಲ್ಲಿ ನೆಲೆಯನ್ನೊದಗಿಸಿದನು. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಶಿವಭಕ್ತನಾದ ಅರಸನೊಬ್ಬನು ಅನ್ಯಧರ್ಮೀಯ ನಿರಾಶ್ರಿತರಿಗೆ ನೆಲ ಕೊಟ್ಟನೆಂಬ ಈ ಒಂದು ಸಂಗತಿಯನ್ನು ನಮ್ಮ ಮಕ್ಕಳು ಮರೆಯದಿರಲಿ. ಕೊಡಗಿನಲ್ಲಿ ನಮ್ಮ ಚರಿತ್ರೆಯ ಮೊದಲ ಪುಟವೇ ಇನ್ನೊಬ್ಬರ ಔದಾರ್ಯದ ಪುಟ.

1834ರಲ್ಲಿ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ಆಳ್ವಿಕೆ ಕೊನೆಗೊಂಡು ಕೊಡಗು ಆಂಗ್ಲರ ವಶವಾಯಿತು. ತನ್ನ ಕಡೆಯ ದಿನಗಳಲ್ಲಿ ಅವನು ಆಶ್ರಯ ಪಡೆದುದೂ ಇದೇ ನಾಲ್ಕುನಾಡು ಅರಮನೆಯಲ್ಲಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರಿಗೆ ಆ ದುರಂತವನ್ನು ಮತ್ತೆ ವಿವರಿಸಬೇಕಾಗಿಲ್ಲ.

ಕಾಫಿಯ ಆಗಮನ

ಕೊಡಗಿನಲ್ಲಿ ಕಾಫಿಗಿಡ ಅರಸರ ಕಾಲದಲ್ಲೇ ನಾಲ್ಕುನಾಡಿನ ಬಳಿ ಬೆಳೆಯುತ್ತಿತ್ತು. ಆದರೆ ಆಂಗ್ಲರ ಮೊದಲ ತೋಟ ಮಡಿಕೇರಿಯ ಬಳಿ ಆರಂಭವಾದುದು 1854ರಲ್ಲಿ. ಆಮೇಲೆ ಬೆಟ್ಟಗಳಿಗೆ ಬೆಟ್ಟಗಳೇ ತೋಟಗಳಾದವು. ಮೊದಲ ತೋಟಗಾರರು ಮಾಡಿದ ಒಂದು ತಪ್ಪು ಇಲ್ಲಿ ಉಲ್ಲೇಖನೀಯ. ಮಳೆಯ ಹೊಡೆತವಿರುವ ಇಳಿಜಾರುಗಳಲ್ಲಿ ಅವರು ಕಾಡನ್ನು ಪೂರ್ತಿಯಾಗಿ ಕಡಿದು, ನೆರಳಿಲ್ಲದೆ ಕಾಫಿಯನ್ನು ನೆಟ್ಟರು. ಕೆಲವೇ ವರ್ಷಗಳಲ್ಲಿ ಮೇಲ್ಮಣ್ಣು ಕೊಚ್ಚಿಹೋಯಿತು. 1860ರ ದಶಕದಲ್ಲಿ ಕಾಂಡಕೊರಕ ಹುಳುವೂ ಅನಂತರ ಎಲೆರೋಗವೂ ಬಂದು ಅನೇಕ ತೋಟಗಳು ಪಾಳುಬಿದ್ದವು. ನೆರಳಿನ ಮರಗಳ ಕೆಳಗೆ ಬೆಳೆಸಿದಾಗಲೇ ಕಾಫಿ ಬಾಳಿತು. ನಾಡಿನವರ ಬಾಣೆ ಕಲಿಸಿದ ಪಾಠವನ್ನು ತೋಟಗಾರರು ನಷ್ಟವನ್ನು ಅನುಭವಿಸಿ ಕಲಿತರು. ಕಾಡುಮರಗಳ ನೆರಳಿನಲ್ಲಿ, ಕರಿಮೆಣಸಿನ ಬಳ್ಳಿ ಮತ್ತು ಕಿತ್ತಳೆಗಿಡಗಳ ಸಂಗಡ ಬೆಳೆಯುವ ನಮ್ಮ ಕಾಫಿಗೆ ಹೆಸರು ಬಂದುದು ಆಮೇಲೆ. ಕೊಡಗಿನ ಅರೇಬಿಕಾ ಕಾಫಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು.

ನಮ್ಮ ಧರ್ಮಕೇಂದ್ರದ ಬಹುಪಾಲು ಕುಟುಂಬಗಳನ್ನು ಈ ಕಣಿವೆಗೆ ಕರೆತಂದುದು ಕಾಫಿಯೇ. ಕೆಲವರು ಲೆಕ್ಕ ಬರೆಯುವವರಾಗಿ, ಮೇಸ್ತ್ರಿಗಳಾಗಿ, ಬಡಗಿಗಳಾಗಿ ಬಂದರು. ಹೆಚ್ಚಿನವರು ಸಾಲುಮನೆಗಳಲ್ಲಿ ವಾಸಿಸುವ ಕೂಲಿಗಳಾಗಿ ಬಂದರು. ವಾರವೆಲ್ಲ ದುಡಿದು, ಭಾನುವಾರ ಕೆಲವು ಮೈಲಿ ನಡೆದು ಪೂಜೆಗೆ ಬಂದು, ಸಂತೆ ಮುಗಿಸಿ ಹಿಂತಿರುಗುತ್ತಿದ್ದ ಆ ತಲೆಮಾರಿನವರ ಕಾಣಿಕೆಯ ಕಾಸಿನಿಂದಲೇ ಇಂದಿನ ಈ ದೇವಾಲಯ ಎದ್ದು ನಿಂತಿದೆ.

ಬದಲಾದ ಕಾಲ

ಕಳೆದ ಕೆಲವು ದಶಕಗಳಲ್ಲಿ ಕಣಿವೆಯ ಮುಖ ಬದಲಾಗಿದೆ. 1990ರ ದಶಕದ ಆರಂಭದಲ್ಲಿ ಬಂದ ಥಾಯ್ ರೋಗ ಜೇನುಕುಟುಂಬಗಳನ್ನು ನಾಶಮಾಡಿ, ಕೊಡಗಿನ ಜೇನು ಎಂಬ ಪ್ರಸಿದ್ಧ ಹೆಸರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಗದ್ದೆಯ ಕೆಲಸಕ್ಕೆ ಆಳು ಸಿಕ್ಕದು; ಸಿಕ್ಕರೂ ಬತ್ತದ ಬೆಲೆ ಕೂಲಿಗೆ ಸಾಲದು; ಬೆಳೆದುದನ್ನು ಕಾಡಾನೆ ತುಳಿಯುತ್ತದೆ. ಹೀಗಾಗಿ ಎಷ್ಟೋ ಗದ್ದೆಗಳು ಪಾಳುಬಿದ್ದವು; ಎಷ್ಟೋ ಗದ್ದೆಗಳಲ್ಲಿ ಅಡಿಕೆ, ಶುಂಠಿಗಳು ಬಂದವು; ಎಷ್ಟನ್ನೋ ಮಣ್ಣು ತುಂಬಿ ನಿವೇಶನಗಳಾಗಿ ಮಾಡಿದರು. ಬಾಣೆಗಳಲ್ಲಿ ನಾಡಮರಗಳ ಜಾಗವನ್ನು ಬೇಗ ಬೆಳೆದು ಬೇಗ ಹಣ ತರುವ ಸಿಲ್ವರ್ ಓಕ್ ಆಕ್ರಮಿಸಿತು. ನಾಡಮರವನ್ನು ಕಡಿಯಲು ಸರಕಾರದ ತೊಡಕುಗಳಿರುವಾಗ ರೈತನು ಅದನ್ನು ನೆಡಲು ಹಿಂಜರಿದರೆ ಅವನೊಬ್ಬನನ್ನೇ ದೂರುವಂತಿಲ್ಲ. ಬೆಟ್ಟದ ಇಳಿಜಾರುಗಳನ್ನು ಯಂತ್ರದಿಂದ ನೇರವಾಗಿ ಕಡಿದು ರಸ್ತೆ, ಮನೆ, ವಸತಿಗೃಹಗಳಿಗೆ ಎಡೆ ಮಾಡಲಾಯಿತು. ಹಾಗೆ ಕಡಿದ ಬರೆಗಳು ಮಳೆಗಾಲದಲ್ಲಿ ಬೆತ್ತಲೆಯಾಗಿ ನಿಂತವು.

2018ರ ಆಗಸ್ಟ್ ನಡುವಿನಲ್ಲಿ ಬೆಟ್ಟ ಉತ್ತರ ಕೊಟ್ಟಿತು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಮೊದಲಾದೆಡೆಗಳಲ್ಲಿ ಗುಡ್ಡಗಳು ಕುಸಿದು, ಮನೆಗಳು, ತೋಟಗಳು, ಗದ್ದೆಗಳು ಕೆಸರಿನಡಿ ಮುಚ್ಚಿಹೋದವು. ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ನಿರಾಶ್ರಿತರಾದರು. ಶಾಲೆ, ಸಮುದಾಯ ಭವನ, ದೇವಸ್ಥಾನ, ಮಸೀದಿ, ಚರ್ಚುಗಳೆಂಬ ಭೇದವಿಲ್ಲದೆ ಬಾಗಿಲುಗಳು ತೆರೆದವು. ಆ ದಿನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಗಂಜಿಯುಂಡವರ ಮುಖಗಳು ನಮ್ಮ ಕಣ್ಣಮುಂದಿವೆ. 2019ರ ಆಗಸ್ಟಿನಲ್ಲಿ ವೀರರಾಜಪೇಟೆಯ ಕಡೆಯ ತೋರದಲ್ಲಿಯೂ ಭಾಗಮಂಡಲದ ಬಳಿಯ ಕೋರಂಗಾಲದಲ್ಲಿಯೂ, 2020ರ ಆಗಸ್ಟಿನಲ್ಲಿ ತಲಕಾವೇರಿಯ ನೆತ್ತಿಯಲ್ಲೇ, ಅರ್ಚಕರ ಮನೆಯ ಮೇಲೆ, ಗುಡ್ಡ ಕುಸಿಯಿತು. ಅಸಾಧಾರಣ ಮಳೆ ಒಂದು ಕಾರಣವಾದರೆ, ಇಳಿಜಾರುಗಳನ್ನು ಮನಬಂದಂತೆ ಕಡಿದುದೂ ಕಾರಣವೆಂದು 2018ರ ಅನಾಹುತವನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಹೇಳಿದರು.

ಇತರರತ್ತ ಬೆರಳು ತೋರಿಸಿ ಈ ಲೇಖನವನ್ನು ಮುಗಿಸುವುದು ಸುಲಭ. ಆದರೆ ನಮ್ಮ ಆತ್ಮಸಾಕ್ಷಿ ಅದಕ್ಕೆ ಒಪ್ಪದು. ಬಾಲ್ಯದಲ್ಲಿ ನಾವು ಪೂಜೆಗೆ ನಡೆದು ಬರುತ್ತಿದ್ದ ಆ ಏರಿ ಇಂದು ಇಲ್ಲ. ಆ ಗದ್ದೆಗಳಲ್ಲಿ ಅರ್ಧದಷ್ಟಕ್ಕೆ ಮಣ್ಣು ಬಿದ್ದಿದೆ. ಹಾಗೆ ತುಂಬಿದವರಲ್ಲಿ ನಮ್ಮವರೂ ಇದ್ದಾರೆ. ವಾಹನಗಳನ್ನು ನಿಲ್ಲಿಸಲು ಸ್ಥಳ ಸಾಲದೆಂದು ದೇವಾಲಯದ ಹಿಂಬದಿಯ ಬರೆಯನ್ನು ಕಡಿಯುವಾಗ ಬೇಡವೆಂದವರು ಇಬ್ಬರೋ ಮೂವರೋ ಹಿರಿಯರು ಮಾತ್ರ. ಅವರ ಮಾತನ್ನು ನಾವು ಕೇಳಲಿಲ್ಲ. ಒಮ್ಮೆಯೂ ಬತ್ತದಿದ್ದ ನಮ್ಮ ದೇವಾಲಯದ ಬಾವಿ ಈಗೀಗ ಏಪ್ರಿಲ್ ತಿಂಗಳಲ್ಲಿ ತಳ ಕಾಣುತ್ತದೆ. ಅದರ ಕಾರಣವನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ.

ನಮ್ಮ ಪಾಲಿನ ಕರ್ತವ್ಯ

ಹಳೆಯ ಕಾಲ ಮರಳಿ ಬರಲಿ ಎಂದು ನಾವು ಹೇಳುತ್ತಿಲ್ಲ. ಜೀತವಿದ್ದ ಕಾಲವನ್ನು ಯಾರು ಬಯಸಿಯಾರು? ಬತ್ತ ಬೆಳೆದು ನಷ್ಟಪಡುವ ರೈತನಿಗೆ ಬರಿಯ ಉಪದೇಶವನ್ನು ಮಾಡುವುದೂ ಸಲ್ಲದು. ಆದರೂ ನಮ್ಮ ಕೈಯಳತೆಯಲ್ಲಿರುವ ಕೆಲವು ಕೆಲಸಗಳಿವೆ. ಬೆಳೆಯಲಾಗದ ಗದ್ದೆಯನ್ನು ಪಾಳುಬಿಟ್ಟರೂ ಚಿಂತೆಯಿಲ್ಲ, ಮಣ್ಣು ತುಂಬದಿರೋಣ. ಏರಿ ಉಳಿದರೆ ನೀರು ನಿಲ್ಲುತ್ತದೆ, ಮುಂದಿನವರಾದರೂ ಉತ್ತಾರು. ಬರೆಯನ್ನು ಕಡಿಯಲೇಬೇಕಾದಲ್ಲಿ ಮೆಟ್ಟಿಲಾಗಿ ಕಡಿದು ಹುಲ್ಲು, ಗಿಡಗಳನ್ನು ನೆಡೋಣ. ತೋಟದ ನೆರಳಿನಲ್ಲಿ ಹಲಸು, ಅತ್ತಿ, ನಂದಿ, ಹೊನ್ನೆಗಳಿಗೂ ಎಡೆಯಿರಲಿ. ನೆರೆಹೊರೆಯವರ ದೇವರಕಾಡಿನ ಗಡಿಯನ್ನು ನಮ್ಮ ದೇವಾಲಯದ ಗಡಿಯಷ್ಟೇ ಗೌರವದಿಂದ ಕಾಣೋಣ. ಸಾಲುಮನೆಗಳಲ್ಲಿ ಬಾಳಿದ ನಮ್ಮ ಹಿರಿಯರ ನೆನಪುಗಳನ್ನು, ಚಿಣ್ಣಪ್ಪನವರು ಮಾಡಿದಂತೆ, ಅವರು ಇರುವಾಗಲೇ ಬರೆದಿಟ್ಟುಕೊಳ್ಳೋಣ. ಎಲ್ಲಕ್ಕೂ ಮೊದಲು ನಮ್ಮ ದೇವಾಲಯದ ಹಿಂದಿನ ಆ ಬೆತ್ತಲೆ ಬರೆಗೆ ಈ ಶತಮಾನೋತ್ಸವದ ವರ್ಷವೇ ಹಸಿರನ್ನು ಹೊದಿಸೋಣ.

ನಮ್ಮ ಹಿರಿಯರು ಈ ಕಣಿವೆಗೆ ಬರಿಗೈಯಲ್ಲಿ ಬಂದರು. ಅವರಿಗೆ ಇಲ್ಲಿ ಸಿಕ್ಕಿದುದು ನಿಂತ ಕಾಡು, ತುಂಬಿದ ಬಾವಿ, ಪೈರು ತುಂಬಿದ ಗದ್ದೆ, ಬಾಗಿಲು ತೆರೆದ ನೆರೆಹೊರೆ. ಇನ್ನು ನೂರು ವರ್ಷಗಳ ಅನಂತರ ಈ ದೇವಾಲಯದ ದ್ವಿಶತಮಾನೋತ್ಸವವನ್ನು ಆಚರಿಸುವವರಿಗೆ ನಾವು ಬಿಟ್ಟುಹೋಗುವುದಾದರೂ ಏನನ್ನು? ಹುತ್ತರಿಯ ಇರುಳಿನಲ್ಲಿ ಕೊಯ್ಯಲು ನೆರೆಮನೆಯವರಿಗೆ ಒಂದು ಹಿಡಿ ಕದಿರು, ಪೂಜೆಗೆ ಬರುವ ಮಕ್ಕಳ ಕಾಲು ತೊಳೆಯಲು ಬಾವಿಯಲ್ಲಿ ಒಂದು ಕೊಡ ನೀರು ಇವಿಷ್ಟು ಆಗಲೂ ಇರಲೆಂದು ಹಾರೈಸಿ, ಬೆಟ್ಟವನ್ನೂ ಕಣಿವೆಯನ್ನೂ ಸೃಷ್ಟಿಸಿ ನಮ್ಮ ವಶಕ್ಕೊಪ್ಪಿಸಿದ ದೇವರು ನಮಗೆ ಆ ವಿವೇಕವನ್ನು ಕರುಣಿಸಲೆಂದು ಬೇಡುತ್ತ ನಾವು ಈ ಲೇಖನವನ್ನು ಮುಗಿಸುತ್ತೇವೆ.